ಸೀತಾ ನದಿಯ ಕಾಂಡ್ಲಾ ಓಣಿಗಳಲ್ಲಿ ಕಯಾಕಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಹತ್ತಿರ ಬಂತು ಅಂದ್ರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ನೆಂಟರು, ಗೆಳೆಯರ ಫೋನ್ ಶುರುವಾಗುತ್ತದೆ. "ನಿಮ್ಮ ಸಾಲಿಗ್ರಾಮದ ಕಡೆ ಕಯಾಕಿಂಗ್ ಇದೆಯಂತಲ್ಲ, ನಾವೂ ಮಾಡಬಹುದಾ?" ಆಮೇಲೆ ಕೇಳುವುದೆಲ್ಲ ಹೆಚ್ಚು ಕಡಿಮೆ ಅದೇ ಪ್ರಶ್ನೆಗಳು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಕಾಂಡ್ಲಾ ಅಂದರೆ ಉಪ್ಪು ನೀರಿನ ಕೆಸರಿನಲ್ಲಿ ಬೆಳೆಯುವ ಮರಗಳು, ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಭರತ-ಇಳಿತದ ಬಗ್ಗೆ ಇರುವ ಉತ್ತರವನ್ನಾದರೂ ಓದಿ. ಈ ನೀರಿನಲ್ಲಿ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಇದು ಇರೋದೆಲ್ಲಿ? ಹೋಗೋದು ಹೇಗೆ?

ಉಡುಪಿಯಿಂದ ಕುಂದಾಪುರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಹಿಡಿಯಿರಿ. ಬ್ರಹ್ಮಾವರ ದಾಟಿದ ಮೇಲೆ ಮಾಬುಕಳ ಸೇತುವೆ ಬರುತ್ತದೆ. ಸೇತುವೆ ಕೆಳಗೆ ಅಗಲವಾಗಿ, ಅಲುಗಾಡದಂತೆ ಕಾಣುವ ನೀರೇ ಸೀತಾ ನದಿ. ಮುಂದೆ ಸಾಸ್ತಾನ, ಆಮೇಲೆ ಸಾಲಿಗ್ರಾಮ. ಉಡುಪಿಯಿಂದ ಇಲ್ಲಿಗೆ 20 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಸಾಲಿಗ್ರಾಮದಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ, ಪಾರಂಪಳ್ಳಿ ಕಡೆಗೆ ತಿರುಗಿದರೆ ಹಿನ್ನೀರು ಸಿಗುತ್ತದೆ. ಕಯಾಕ್‌ಗಳು ನೀರಿಗೆ ಇಳಿಯುವುದು ಅಲ್ಲಿ.

ಬಸ್ಸಿನ ತೊಂದರೆ ಇಲ್ಲ, ಉಡುಪಿ-ಕುಂದಾಪುರ ಬಸ್ಸುಗಳೆಲ್ಲ ಸಾಲಿಗ್ರಾಮದ ಮೇಲೆಯೇ ಹೋಗುತ್ತವೆ. ರೈಲಿನವರು ಉಡುಪಿಯಲ್ಲೋ ಕುಂದಾಪುರದಲ್ಲೋ ಇಳಿಯಬಹುದು. ಬಾರ್ಕೂರು ನಿಲ್ದಾಣ ಇನ್ನೂ ಹತ್ತಿರ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಬಜ್ಪೆ ವಿಮಾನ ನಿಲ್ದಾಣದಿಂದ ಸುಮಾರು 80 ಕಿ.ಮೀ.

ಇದು ನದಿಯಾ, ಸಮುದ್ರವಾ? ನೀರು ಸಿಹಿಯಾ, ಉಪ್ಪಾ?

ಎರಡೂ ಹೌದು. ಸೀತಾ ನದಿ ಹುಟ್ಟುವುದು ಆಗುಂಬೆ ಆಸುಪಾಸಿನ ಘಟ್ಟದಲ್ಲಿ. ಕೂಡ್ಲು ತೀರ್ಥದಲ್ಲಿ ಧುಮುಕಿ, ಹೆಬ್ರಿಯ ಕಾಡು ದಾಟಿ, ಬಾರ್ಕೂರಿನ ಬದಿಯಿಂದ ಬಯಲಿಗೆ ಬರುತ್ತದೆ. ಕೊನೆಗೆ ಕೋಡಿ ಬೆಂಗ್ರೆಯ ಹತ್ತಿರ ಸುವರ್ಣಾ ನದಿಯ ಜೊತೆ ಕೂಡಿ ಅರಬ್ಬಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಹೆಬ್ರಿ ಕಡೆ ಇದೇ ನದಿಯಲ್ಲಿ ರಾಫ್ಟಿಂಗ್ ಮಾಡುತ್ತಾರೆ ಅಂದರೆ ನೀವು ನಂಬಲಿಕ್ಕಿಲ್ಲ. ಕೆಳಗೆ ನೆಲ ಚಪ್ಪಟೆ. ಇಲ್ಲಿಗೆ ಬರುವಷ್ಟರಲ್ಲಿ ನದಿಯ ಅವಸರವೆಲ್ಲ ಮುಗಿದಿರುತ್ತದೆ. ಅದು ಓಣಿ ಓಣಿಯಾಗಿ ಕವಲೊಡೆದು ಕುದ್ರುಗಳನ್ನು (ನದಿಯ ನಡುಗಡ್ಡೆಗಳನ್ನು) ಸುತ್ತುತ್ತಾ ನಿಧಾನವಾಗಿ ಹರಿಯುತ್ತದೆ.

ಮಳೆ ನಿಂತ ಮೇಲೆ ಘಟ್ಟದಿಂದ ಬರುವ ಸಿಹಿ ನೀರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಅಷ್ಟಷ್ಟೇ ಕಡಲ ನೀರು ಒಳಗೆ ಬರುತ್ತದೆ. ಅಕ್ಟೋಬರ್‌ನಲ್ಲಿ ಬಾಯಿಗೆ ತಾಗಿದರೆ ಸಪ್ಪೆ ಸಪ್ಪೆ. ಏಪ್ರಿಲ್‌ನಲ್ಲಿ ಕಡಲ ನೀರೇ.

ಎಷ್ಟು ಗಂಟೆಗೆ ಹೋದ್ರೆ ಒಳ್ಳೇದು?

ಇದಕ್ಕೆ ಎಲ್ಲರೂ ಒಂದೇ ಮಾತಿನ ಉತ್ತರ ಬಯಸುತ್ತಾರೆ, "ಬೆಳಿಗ್ಗೆ ಏಳಕ್ಕೆ" ಅಂತ. ಹಾಗೆ ಹೇಳಲು ಆಗುವುದಿಲ್ಲ. ನೀವು ನೋಡಬೇಕಾದದ್ದು ಗಡಿಯಾರ ಅಲ್ಲ, ಭರತ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಹನ್ನೆರಡೂವರೆ ಗಂಟೆಗೆ ಸ್ವಲ್ಪ ಕಡಿಮೆ. ಹಾಗಾಗಿ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ತುಂಬು ಭರತ ಇದ್ದರೆ ನಾಳೆ 8ರ ಹತ್ತಿರ, ನಾಡಿದ್ದು ಇನ್ನೂ ತಡ. ಒಂದು ವಾರ ಕಳೆದರೆ ಅದೇ ಬೆಳಿಗ್ಗೆ 7ಕ್ಕೆ ಇಳಿತ ಇರುತ್ತದೆ! ಕಳೆದ ಭಾನುವಾರ ಹೋದ ಗೆಳೆಯ "ಏಳು ಗಂಟೆಗೆ ಅದ್ಭುತವಾಗಿತ್ತು" ಅಂದ ಅಂತ ಈ ಭಾನುವಾರ ಅದೇ ಹೊತ್ತಿಗೆ ಹೋದವರಿಗೆ ಕೆಸರಿನ ದಿಬ್ಬ ಕಾಣುವುದು ಇದೇ ಕಾರಣಕ್ಕೆ.

ಭರತ ಎಲ್ಲ ದಿನವೂ ಒಂದೇ ಎತ್ತರ ಬರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನಗಳಲ್ಲಿ ಏರಿಕೆಯೂ ಜಾಸ್ತಿ, ಇಳಿಕೆಯೂ ಜಾಸ್ತಿ. ಆಗ ನಮ್ಮಲ್ಲಿ ಮೇಲಿನ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ ಒಂದೂವರೆ ಮೀಟರ್ ಸುಮಾರಿನ ವ್ಯತ್ಯಾಸ ಇರುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇದು 10 ಮೀಟರ್ ಹತ್ತಿರ ಹೋಗುತ್ತದೆ, ಅದರ ಮುಂದೆ ನಮ್ಮದು ಏನೂ ಅಲ್ಲ. ಆದರೆ ಆಳವೇ ಇಲ್ಲದ ಕಾಂಡ್ಲಾ ಓಣಿಗೆ ಒಂದೂವರೆ ಮೀಟರ್ ಅಂದರೆ ದೋಣಿ ಹೋಗುತ್ತದೋ ಇಲ್ಲವೋ ಅನ್ನುವಷ್ಟು ದೊಡ್ಡ ಮಾತು. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ಸೆಳೆತವೂ ಕಡಿಮೆ. ಮೊದಲ ಸಲ ಬರುವವರಿಗೆ, ಮಕ್ಕಳಿರುವವರಿಗೆ ನಾನು ಆ ದಿನಗಳನ್ನೇ ಹೇಳುತ್ತೇನೆ.

ಇನ್ನೊಂದು ವಿಷಯ. ನೀರು ಒಂದೇ ಸಮನೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತುಂಬು ಭರತ ಆದ ಮೇಲೆ ಸ್ವಲ್ಪ ಹೊತ್ತು ನೀರು ಸುಮ್ನೆ ನಿಂತಿರುತ್ತದೆ. ಆಮೇಲೆ ನಿಧಾನಕ್ಕೆ ಇಳಿಯಲು ಶುರುವಾಗಿ, ಮೂರನೇ ನಾಲ್ಕನೇ ಗಂಟೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಎಳೆಯುತ್ತದೆ. ಮತ್ತೆ ನಿಧಾನ. ಭರತಕ್ಕೆ ಒಂದೂವರೆ ಗಂಟೆ ಮೊದಲು ನೀರಿಗಿಳಿದು, ಅದು ತುಂಬುವಾಗ ಓಣಿಯೊಳಗೆ ಹೋಗಿ, ಇಳಿಯಲು ಶುರುವಾದ ಕೂಡಲೇ ವಾಪಸ್ ಹೊರಟರೆ ಹೋಗುವಾಗಲೂ ನೀರು ನಿಮ್ಮನ್ನು ಒಯ್ಯುತ್ತದೆ, ಬರುವಾಗಲೂ ಒಯ್ಯುತ್ತದೆ. ಇಲ್ಲಿ ಹುಟ್ಟಿ ಬೆಳೆದವರು ಹುಟ್ಟು ಹಾಕುವುದು ಹೀಗೆಯೇ. ನೀರಿನ ಎದುರು ಜಟಾಪಟಿ ಮಾಡುವವರು ಹೊರಗಿನಿಂದ ಬಂದವರು ಮಾತ್ರ.

ಭರತದ ಹೊತ್ತು ತಿಳಿಯೋದು ಹೇಗೆ?

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಬಂದರುಗಳ ಭರತ-ಇಳಿತದ ವೇಳೆಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಮೊಬೈಲ್ ಆ್ಯಪ್‌ಗಳೂ ಇವೆ. ಮಲ್ಪೆ ಅಥವಾ ಮಂಗಳೂರಿನ ವೇಳೆ ನೋಡಿ. ಆದರೆ ಅದು ಕಡಲ ಬದಿಯ ಹೊತ್ತು. ನದಿಯೊಳಗೆ ಹೋದಷ್ಟೂ ಭರತ ತಡವಾಗಿ ಬರುತ್ತದೆ. ಎಷ್ಟು ತಡ ಅನ್ನುವುದು ಆ್ಯಪ್‌ನಲ್ಲಿ ಇರುವುದಿಲ್ಲ, ಅಲ್ಲಿಯ ದೋಣಿಯವರ ತಲೆಯಲ್ಲಿ ಇರುತ್ತದೆ. ಹಿಂದಿನ ದಿನ ಫೋನ್ ಮಾಡಿ ಕೇಳಿ. ಅವರು ಹೇಳಿದ ಹೊತ್ತಿಗೇ ಹೋಗಿ. "ನಮಗೆ ತಿಂಡಿ ಆಗಬೇಕು, ಹತ್ತಕ್ಕೆ ಬರ್ತೀವಿ" ಅಂತ ಚೌಕಾಸಿ ಮಾಡಬೇಡಿ. ಅದು ಅವರ ಕೈಯಲ್ಲೂ ಇಲ್ಲ.

ಹಳೆಯ ಮೀನುಗಾರರಿಗೆ ಆ್ಯಪ್ ಬೇಡ, ತಿಥಿ ಸಾಕು. ಒಂದೇ ಜಾಗದಲ್ಲಿ ಹುಣ್ಣಿಮೆಯ ದಿನ ಭರತ ಬರುವ ಹೊತ್ತು ಪ್ರತಿ ಹುಣ್ಣಿಮೆಗೂ ಹೆಚ್ಚು ಕಡಿಮೆ ಅದೇ. ಅಲ್ಲಿಂದ ದಿನ ಲೆಕ್ಕ ಹಾಕಿದರೆ ಆಯಿತು.

ಗಾಳಿ ತೊಂದರೆ ಕೊಡುತ್ತಾ?

ಬೆಳಿಗ್ಗೆ ಇಲ್ಲ. ಬೇಸಿಗೆಯಲ್ಲಿ ಹನ್ನೊಂದು ಹನ್ನೆರಡರ ಮೇಲೆ ಕಡಲ ಕಡೆಯಿಂದ ಗಾಳಿ ಶುರುವಾಗುತ್ತದೆ. ಓಣಿಯೊಳಗೆ ಕಾಂಡ್ಲಾ ಮರಗಳು ಅದನ್ನು ತಡೆಯುತ್ತವೆ. ಅಗಲ ನದಿಗೆ ಬಂದಾಗ ಮಾತ್ರ ಕಯಾಕ್ ತನ್ನಷ್ಟಕ್ಕೆ ತಿರುಗಲು ನೋಡುತ್ತದೆ. ಇಳಿಯುವ ನೀರು ಕಡಲಿಗೆ, ಗಾಳಿ ಕಡಲಿಂದ. ಎರಡೂ ಎದುರಾದಾಗ ಚಿಕ್ಕ ಚಿಕ್ಕ ಅಲೆ ಏಳುತ್ತದೆ. ಅಪಾಯ ಏನಿಲ್ಲ, ತೋಳು ಮಾತ್ರ ಸೋಲುತ್ತದೆ.

ಯಾವ ತಿಂಗಳು?

ಅಕ್ಟೋಬರ್ ಕೊನೆಯಿಂದ ಮೇ ಮಧ್ಯದವರೆಗೆ. ನನ್ನ ಮಟ್ಟಿಗೆ ಡಿಸೆಂಬರ್, ಜನವರಿ ಎಲ್ಲಕ್ಕಿಂತ ಚೆನ್ನ. ಬೆಳಿಗ್ಗೆ ನೀರಿನ ಮೇಲೆ ತೆಳುವಾಗಿ ಮಂಜು ಇರುತ್ತದೆ, ವಲಸೆ ಹಕ್ಕಿಗಳೂ ಬಂದಿರುತ್ತವೆ. ಏಪ್ರಿಲ್, ಮೇನಲ್ಲಿ ಸೆಖೆ ತಡೆಯಲಾಗುವುದಿಲ್ಲ, ಸೂರ್ಯ ಏರುವ ಮೊದಲೇ ಮುಗಿಸಿಬಿಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಘಟ್ಟದಿಂದ ಕಡಲಿಗೆ ದೂರ ಕಡಿಮೆ, ಇಳಿಜಾರು ಜಾಸ್ತಿ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲೆ ಮಳೆ ಹೊಡೆದರೆ ಕೆಲವೇ ಗಂಟೆಗಳಲ್ಲಿ ಕೆಂಪು ನೀರು, ಮರದ ದಿಮ್ಮಿ ಎಲ್ಲ ಬರುತ್ತವೆ. ಮಳೆಗಾಲದಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ಅಂತ ಒತ್ತಾಯ ಮಾಡುವವರಿಗೆ ಸೇತುವೆ ಮೇಲೆ ನಿಂತು ನೋಡಿ ಅಂತಲೇ ಹೇಳುತ್ತೇನೆ.

ಈಜು ಬರಲ್ಲ. ಮಾಡಬಹುದಾ?

ಮಾಡಬಹುದು, ಲೈಫ್ ಜಾಕೆಟ್ ಸರಿಯಾಗಿ ಹಾಕಿಕೊಂಡರೆ, ಗೈಡ್ ಜೊತೆಗಿದ್ದರೆ. ಹಾಕಿಕೊಂಡರೆ ಸಾಲದು, ಸರಿಯಾಗಿ ಹಾಕಿಕೊಳ್ಳಬೇಕು. ಎಲ್ಲ ಬಕಲ್ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ. ಆಮೇಲೆ ಪಕ್ಕದವರಿಗೆ ಹೇಳಿ ಭುಜದ ಹತ್ತಿರ ಎರಡೂ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಗಲ್ಲದ ತನಕ, ಕಿವಿ ತನಕ ಬಂತು ಅಂದರೆ ಸಡಿಲ ಇದೆ ಅಂತ ಅರ್ಥ. ನೀರಿಗೆ ಬಿದ್ದಾಗ ಅದು ಮೇಲೆ ತೇಲುತ್ತದೆ, ನೀವು ಕೆಳಗೆ ಜಾರುತ್ತೀರಿ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಬೇಡಿ. ಮಕ್ಕಳ ಅಳತೆಯದ್ದು ಅಲ್ಲಿ ಇಲ್ಲ ಅಂದರೆ ಮಗು ದಡದಲ್ಲೇ ಇರಲಿ.

ಈಜು ಬರುವವರಿಗೂ ಇದೇ ಮಾತು. "ನನಗೆ ಬಾವಿ ಈಜು ಬರುತ್ತೆ, ಜಾಕೆಟ್ ಯಾಕೆ" ಅನ್ನುವ ಗಂಡಸರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಬಾವಿಗೆ ಸೆಳೆತ ಇಲ್ಲ, ತಳದಲ್ಲಿ ಕೆಸರಿಲ್ಲ, ಬಲೆ ಇಲ್ಲ.

ಕಯಾಕ್ ಮಗುಚಿದ್ರೆ?

ಮೊದಲು ತಿಳಿಯಬೇಕಾದ್ದು, ಇಲ್ಲಿ ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಕಯಾಕ್‌ಗಳು ಸುಲಭಕ್ಕೆ ಮಗುಚುವುದಿಲ್ಲ. ಮೇಲೆ ಕೂರುವ ಜಾತಿಯ ಕಯಾಕ್ ಇವು. ಒಳಗೆ ಟೊಳ್ಳು, ತಳ ಅಗಲ. ಕಾಲು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ತಳದಲ್ಲಿ ತೂತುಗಳಿವೆ, ನೋಡಿ ಗಾಬರಿ ಆಗಬೇಡಿ. ಒಳಗೆ ಚಿಮ್ಮಿದ ನೀರು ಹೊರಗೆ ಹೋಗಲು ಅವು ಇರುವುದು. ಮಗುಚುವುದು ಹೆಚ್ಚಾಗಿ ಮೂರು ಹೊತ್ತಿನಲ್ಲಿ: ಹತ್ತುವಾಗ, ಇಳಿಯುವಾಗ, ಸೆಲ್ಫಿಗೆ ಎದ್ದು ನಿಂತಾಗ.

ಬಿದ್ದಿರಿ ಅಂತಿಟ್ಟುಕೊಳ್ಳಿ. ಕಯಾಕ್ ಬಿಡಬೇಡಿ, ಅದೇ ನಿಮ್ಮ ಆಸರೆ. ಪ್ಯಾಡಲ್ ಕೈಯಲ್ಲಿದ್ದರೆ ಅದನ್ನೂ ಬಿಡಬೇಡಿ. ಕಯಾಕ್ ತಲೆಕೆಳಗಾಗಿದ್ದರೆ ಮಧ್ಯಕ್ಕೆ ಬಂದು, ಆಚೆ ಅಂಚು ಹಿಡಿದು ಈಚೆಗೆ ಎಳೆದು ನೆಟ್ಟಗೆ ಮಾಡಿ. ಈಗ ಸೀಟಿನ ಪಕ್ಕ ಬನ್ನಿ. ಎರಡೂ ಕೈ ಮೇಲೆ ಇಟ್ಟು, ಕಾಲನ್ನು ಹಿಂದೆ ನೀರಿನ ಮೇಲ್ಮೈಗೆ ತಂದು ಜೋರಾಗಿ ಬಡಿಯಿರಿ. ಕಾಲು ಕೆಳಗೆ ಜೋತು ಬಿದ್ದಿದ್ದರೆ ಎಷ್ಟು ಎಳೆದರೂ ಮೇಲೆ ಬರಲು ಆಗುವುದಿಲ್ಲ. ಹೊಟ್ಟೆ ಸೀಟಿನ ಮೇಲೆ ಬರುವ ತನಕ ಜಾರಿಕೊಂಡು ಬನ್ನಿ. ಆಮೇಲೆ ಹೊರಳಿ ಕುಳಿತುಕೊಳ್ಳಿ. ಕೊನೆಗೆ ಕಾಲು ಒಳಗೆ. ಹೊಟ್ಟೆ, ಸೊಂಟ, ಕಾಲು, ಈ ಕ್ರಮ ಬಿಟ್ಟು ಮೊದಲೇ ಕಾಲು ಎತ್ತಲು ಹೋದರೆ ಕಯಾಕ್ ಮತ್ತೆ ನಿಮ್ಮ ಮೇಲೆಯೇ ಬರುತ್ತದೆ.

ನೀರು ಎದೆಮಟ್ಟ ಇದೆ ಅಂತ ಎದ್ದು ನಿಲ್ಲಲು ಹೋಗಬೇಡಿ. ಕಾಂಡ್ಲಾ ಬುಡದ ಕೆಸರು ಮೊಣಕಾಲಿನ ತನಕ ನುಂಗುತ್ತದೆ, ಎಳೆದಷ್ಟೂ ಹಿಡಿಯುತ್ತದೆ. ಕೆಸರಿನಲ್ಲಿ, ಬೇರಿನಲ್ಲಿ, ಕಲ್ಲಿನಲ್ಲಿ ಚಿಪ್ಪಿ ಅಂಟಿಕೊಂಡಿರುತ್ತದೆ. ಅದರ ಅಂಚು ಬ್ಲೇಡಿನಷ್ಟು ಹರಿತ.

ಇಳಿತದಲ್ಲಿ ಕಯಾಕ್ ಕೆಸರಿಗೆ ಸಿಕ್ಕಿಕೊಂಡ್ರೆ?

ಇಳಿಯಬೇಡಿ. ಪ್ಯಾಡಲ್‌ನಿಂದ ನೆಲ ಒತ್ತಿ ಹಿಂದಕ್ಕೆ ಸರಿಯಲು ನೋಡಿ, ದೇಹವನ್ನು ಹಿಂದೆ ಮುಂದೆ ಜೀಕಿ. ಆಗಲಿಲ್ಲ ಅಂದರೆ ಜಾಕೆಟ್‌ನ ಸೀಟಿ ಊದಿ, ಗೈಡ್ ಬರುವ ತನಕ ಕೂತಿರಿ. ಯಾರೂ ಬರಲಿಲ್ಲ ಅಂದರೂ ನೀರು ಮತ್ತೆ ಬಂದೇ ಬರುತ್ತದೆ. ಕುಡಿಯುವ ನೀರು, ಟೋಪಿ ಇರಲಿ ಅಂತ ಹೇಳುವುದು ಇದಕ್ಕೇ.

ಸಿಂಗಲ್ ಕಯಾಕ್ ತಗೊಳ್ಳೋದಾ, ಡಬಲ್ಲಾ?

ಮೊದಲ ಸಲಕ್ಕೆ ಡಬಲ್. ತೂಕ ಜಾಸ್ತಿ ಇರುವವರು ಹಿಂದೆ ಕೂರಲಿ. ಮುಂದಿನವರು ಲಯ ಹಿಡಿಯಬೇಕು, ಹಿಂದಿನವರು ದಿಕ್ಕು ನೋಡಬೇಕು. ಇಬ್ಬರೂ ದಿಕ್ಕು ನೋಡಲು ಹೊರಟರೆ ಕಯಾಕ್ ನೇರ ಪೊದೆಯೊಳಗೆ. ಗಂಡ-ಹೆಂಡತಿ ಹತ್ತು ನಿಮಿಷ ವಾದ ಮಾಡಿ, ಆಮೇಲೆ ಮಾತಿಲ್ಲದೆ ಒಟ್ಟಿಗೆ ಎಡ-ಬಲ ಹಾಕುವುದನ್ನು ನೋಡುವುದು ನನಗೆ ಬಹಳ ಖುಷಿ.

ಪ್ಯಾಡಲ್ ಹಾಕೋದು ಹೇಗೆ? ಕೈ ನೋವು ಬರುತ್ತಾ?

ಕೈಯಿಂದ ಎಳೆದರೆ ಬರುತ್ತದೆ. ಸೊಂಟದಿಂದ ತಿರುಗಿದರೆ ಬರುವುದಿಲ್ಲ. ಬೆನ್ನು ನೆಟ್ಟಗಿಟ್ಟು, ಹಿಮ್ಮಡಿಯನ್ನು ಕಾಲಿಡುವ ಗುಣಿಗೆ ಒತ್ತಿ ಕುಳಿತುಕೊಳ್ಳಿ. ಎರಡೂ ಕೈ ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ಇರಲಿ. ಬಲಗಡೆ ಹಾಕುವಾಗ ಬಲ ಭುಜ ಮುಂದೆ ಬರಲಿ. ಪ್ಯಾಡಲ್‌ನ ಹಲಗೆಯನ್ನು ಪಾದದ ಹತ್ತಿರ ಪೂರ್ತಿ ಮುಳುಗಿಸಿ, ಸೊಂಟದ ತನಕ ತಂದು ತೆಗೆಯಿರಿ. ಸೊಂಟ ದಾಟಿ ಎಳೆದರೆ ಶಕ್ತಿ ಸುಮ್ನೆ ವ್ಯರ್ಥ. ಹಿಡಿತ ಬಿಗಿ ಬೇಡ, ಬಿಗಿ ಹಿಡಿದವರ ಅಂಗೈಗೇ ಬೊಬ್ಬೆ ಬರುವುದು.

ತಿರುಗಬೇಕು ಅಂದರೆ ಯಾವ ಕಡೆಗೆ ಹೋಗಬೇಕೋ ಅದರ ಎದುರು ಬದಿಯಲ್ಲಿ ಅಗಲವಾಗಿ ಅರ್ಧ ಸುತ್ತು ಹಾಕಿ. ನಿಲ್ಲಿಸಲು ಹಿಂದಕ್ಕೆ ಹಾಕಿ. ಇಷ್ಟು ಬಂದರೆ ಈ ನೀರಿಗೆ ಸಾಕು. ನಮ್ಮಲ್ಲಿ ಸಣ್ಣ ದೋಣಿಗೆ ಒಂದೇ ಹಲಗೆಯ ಹುಟ್ಟು, ಒಂದೇ ಬದಿ ಹಾಕಿ ದೋಣಿ ನೇರ ಒಯ್ಯುತ್ತಾರೆ. ಅದರ ಮುಂದೆ ಎರಡು ಹಲಗೆಯ ಕಯಾಕ್ ಪ್ಯಾಡಲ್ ಬಹಳ ಸುಲಭ. ಅರ್ಧ ಗಂಟೆಯಲ್ಲಿ ಮಕ್ಕಳು ಕಲಿಯುತ್ತಾರೆ, ದೊಡ್ಡವರು ಒಂದು ಗಂಟೆ ತೆಗೆದುಕೊಳ್ಳುತ್ತಾರೆ.

ಕಾಂಡ್ಲಾ ಓಣಿಯಲ್ಲಿ ನೋಡೋಕೆ ಏನಿದೆ? ಬರೀ ಗಿಡ ಅಲ್ವಾ?

ಬರೀ ಗಿಡ ಅನ್ನುವವರು ವೇಗವಾಗಿ ಹೋಗಿ ಬಂದವರು. ಪ್ಯಾಡಲ್ ತೊಡೆ ಮೇಲಿಟ್ಟು ಐದು ನಿಮಿಷ ಅಲುಗಾಡದೆ ಕೂತು ನೋಡಿ.

ಮೊದಲು ಬೇರು. ಕೆಲವು ಮರಗಳಿಗೆ ಕಾಂಡದ ಮಧ್ಯದಿಂದಲೇ ಬಿಲ್ಲಿನಂತೆ ಬಾಗಿದ ಬೇರುಗಳು ಹೊರಟು ಕೆಸರಿಗೆ ಊರಿಕೊಂಡಿರುತ್ತವೆ. ಇನ್ನು ಕೆಲವಕ್ಕೆ ಬೇರು ಕೆಸರಿನಿಂದ ಮೇಲಕ್ಕೆ ಎದ್ದಿರುತ್ತದೆ, ನೂರಾರು ಮೊಳೆ ಹೊಡೆದಿಟ್ಟ ಹಾಗೆ. ಕೆಸರಿನೊಳಗೆ ಗಾಳಿ ಇಲ್ಲ, ಉಸಿರಾಡಲು ಬೇರು ಹೊರಗೆ ಬಂದಿದೆ. ಆಮೇಲೆ ಕಾಯಿ. ಬಾಗಿದ ಬೇರಿನ ಮರಗಳಲ್ಲಿ ಹಸಿರು ಕೋಲುಗಳು ಜೋತಾಡುತ್ತಿರುತ್ತವೆ. ಅವು ಕಾಯಿ ಅಲ್ಲ, ಮರದ ಮೇಲೆಯೇ ಮೊಳಕೆಯೊಡೆದ ಸಸಿ. ಬಲಿತ ಮೇಲೆ ಕಳಚಿ ಬೀಳುತ್ತದೆ. ಇಳಿತ ಇದ್ದರೆ ಅಲ್ಲೇ ಕೆಸರಿಗೆ ಚುಚ್ಚಿಕೊಂಡು ಬೇರು ಬಿಡುತ್ತದೆ, ಭರತ ಇದ್ದರೆ ತೇಲಿ ಬೇರೆ ಕುದ್ರುವಿಗೆ ಹೋಗುತ್ತದೆ. ಮೊಳೆ ಬೇರಿನ ಮರದ ಎಲೆಯನ್ನು ಬಿಸಿಲು ಹೊತ್ತಿನಲ್ಲಿ ಹತ್ತಿರದಿಂದ ನೋಡಿ, ಸಣ್ಣ ಸಣ್ಣ ಉಪ್ಪಿನ ಕಣ ಹೊಳೆಯುತ್ತದೆ. ಕುಡಿದ ಉಪ್ಪನ್ನು ಎಲೆಯಿಂದ ಹೊರಹಾಕುತ್ತಿರುತ್ತದೆ ಅದು.

ಕೆಳಗೆ ಕೆಸರಿನಲ್ಲಿ ಸಣ್ಣ ಏಡಿಗಳು ತಮ್ಮ ಬಿಲದ ಬಾಗಿಲಲ್ಲಿ ಕುಳಿತಿರುತ್ತವೆ. ಗಂಡಿಗೆ ಇಕ್ಕಳದಂಥ ಒಂದು ಕೊಂಬು ಮಾತ್ರ ದೇಹದಷ್ಟೇ ದೊಡ್ಡದು, ಅದನ್ನು ಎತ್ತಿ ಎತ್ತಿ ಇಳಿಸುತ್ತದೆ. ನಿಮ್ಮ ನೆರಳು ಬಿದ್ದರೆ ಎಲ್ಲವೂ ಒಂದೇ ಕ್ಷಣಕ್ಕೆ ಮಾಯ. ಅಲುಗಾಡದೆ ಇದ್ದರೆ ಒಂದೊಂದೇ ಹೊರಗೆ ಬರುತ್ತವೆ. ನೀರಂಚಿನಲ್ಲಿ ರೆಕ್ಕೆಯ ಮೇಲೆ ಕುಪ್ಪಳಿಸುವ ಪುಟ್ಟ ಮೀನುಗಳೂ ಇವೆ, ಕಣ್ಣು ತಲೆಯ ಮೇಲಿರುತ್ತದೆ. ಹಕ್ಕಿಗಳಲ್ಲಿ ಮಿಂಚುಳ್ಳಿ, ಬೆಳ್ಳಕ್ಕಿ, ನೀರುಕಾಗೆ, ಮೇಲೆ ಸುತ್ತುವ ಗರುಡ ಹೆಚ್ಚು ಕಡಿಮೆ ದಿನಾ ಸಿಗುತ್ತವೆ. ನೀರುನಾಯಿ ಕಂಡರೆ ನಿಮ್ಮ ಅದೃಷ್ಟ.

ಸಿಗಡಿ, ಏಡಿ, ಎಷ್ಟೋ ಜಾತಿಯ ಮೀನಿನ ಮರಿಗಳು ಬೆಳೆಯುವುದು ಈ ಬೇರುಗಳ ಸಂದಿಯಲ್ಲಿ. ದೊಡ್ಡ ಮೀನು ಒಳಗೆ ಬರಲು ಆಗುವುದಿಲ್ಲ. ಹೊಳೆಯ ದಂಡೆ ಕೊರೆದು ಹೋಗದಂತೆ ಹಿಡಿದಿರುವುದೂ ಇದೇ ಬೇರು. ಒಂದು ಕಾಲಕ್ಕೆ ಸೌದೆಗೆ, ಸಿಗಡಿ ಕೆರೆಗೆ ಅಂತ ಕಡಿದು ಹಾಕಿದ್ದನ್ನು ಕರಾವಳಿಯ ಹಲವು ಕಡೆ ಅರಣ್ಯ ಇಲಾಖೆ, ಊರವರು ಮತ್ತೆ ನೆಟ್ಟು ಬೆಳೆಸಿದ್ದಾರೆ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾವನ ಅತಿ ಸೂಕ್ಷ್ಮ ಜಾಗಗಳ ಪಟ್ಟಿಯಲ್ಲಿದೆ. ಕೊಂಬೆ ಹಿಡಿದು ಕಯಾಕ್ ನಿಲ್ಲಿಸುವುದು, ಮೊಳಕೆ ಕೋಲು ಕಿತ್ತು ಮನೆಗೆ ಒಯ್ಯುವುದು ದಯವಿಟ್ಟು ಬೇಡ. ಎಲೆ ಮುರಿದರೆ ಬಿಳಿ ಹಾಲು ಬರುವ ಒಂದು ಜಾತಿಯೂ ಕಾಂಡ್ಲಾ ನಡುವೆ ಬೆಳೆಯುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು, ತಾತ್ಕಾಲಿಕವಾಗಿ ಕಣ್ಣೇ ಕಾಣದಂತೆ ಮಾಡಬಹುದು. ಹಾಗಾಗಿ ಗೊತ್ತಿಲ್ಲದ ಗಿಡ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಮೊಸಳೆ? ಹಾವು?

ಮೊಸಳೆಗೆ ಹೆಸರಾದದ್ದು ದಾಂಡೇಲಿಯ ಕಾಳಿ, ರಂಗನತಿಟ್ಟಿನ ಕಾವೇರಿ. ನಮ್ಮ ಉಪ್ಪು ನೀರಿನ ಓಣಿಗಳಲ್ಲ. ನೀರು ಹಾವು ಕಂಡರೆ ದಾರಿ ಬಿಡಿ, ಅದೂ ದಾರಿ ಬಿಡುತ್ತದೆ. ನಿಜವಾಗಿ ಗಾಯ ಮಾಡುವುದು ಚಿಪ್ಪಿ.

ಮೀನು ಹಿಡಿಯೋರು ಏನಾದ್ರೂ ಅಂತಾರಾ?

ನೀವು ಅವರ ಕೆಲಸಕ್ಕೆ ಅಡ್ಡ ಬರದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ನಿಮಗೆ ಇದು ಭಾನುವಾರದ ಮಜಾ. ಆ ನೀರಿನಲ್ಲಿ ಕುತ್ತಿಗೆ ತನಕ ಮುಳುಗಿ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವವರಿಗೆ ಅದು ಆ ದಿನದ ಅನ್ನ. ಅವರು ಕಾಲಿನಿಂದ ತಡಕಿ, ಮುಳುಗಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಿರುತ್ತಾರೆ. ದೂರದಿಂದ ನೋಡಿದರೆ ಬರೀ ತಲೆ ಮತ್ತು ಒಂದು ಪಾತ್ರೆ ಕಾಣುತ್ತದೆ. ಅವರ ಹತ್ತಿರ ಬಂದಾಗ ನಿಧಾನ ಮಾಡಿ, ಸುತ್ತಿಕೊಂಡು ಹೋಗಿ.

ಸಾಲಾಗಿ ತೇಲುವ ಬೆಂಡು, ಥರ್ಮೋಕೋಲ್ ತುಂಡು ಕಂಡರೆ ಅಲ್ಲಿ ಬಲೆ ಇದೆ ಅಂತ ತಿಳಿಯಿರಿ. ಅದರ ಮೇಲೆ ಹಾಯಬೇಡಿ. ಬೇರೆ ದಾರಿಯೇ ಇಲ್ಲ ಅಂದರೆ ಪ್ಯಾಡಲ್ ಮೇಲೆತ್ತಿ, ವೇಗದಲ್ಲೇ ತೇಲಿಕೊಂಡು ದಾಟಿ. ನೆಟ್ಟಿರುವ ಕಂಬ, ಕಟ್ಟಿರುವ ಹಗ್ಗ ಯಾವುದನ್ನೂ ಹಿಡಿಯಬೇಡಿ, ಬಿಚ್ಚಬೇಡಿ. ಸಾವಿರಾರು ರೂಪಾಯಿಯ ಬಲೆ ಹರಿದು ಹೋದರೆ ಅದನ್ನು ಕೂತು ಹೆಣೆಯಬೇಕಾದವರು ಅವರೇ. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಬ್ಲೂಟೂತ್ ಸ್ಪೀಕರ್ ಕಾರಿನಲ್ಲೇ ಇರಲಿ. ಇಲ್ಲಿಯ ಮನೆಗಳ ಹಿತ್ತಿಲು ನೇರ ನೀರಿಗೆ ಇಳಿಯುತ್ತದೆ, ನೀವು ಹೋಗುತ್ತಿರುವುದು ಒಂದು ಲೆಕ್ಕದಲ್ಲಿ ಅವರ ಅಂಗಳದಲ್ಲಿ.

ಏನು ಹಾಕ್ಕೊಂಡು ಬರಬೇಕು? ಮೊಬೈಲ್ ತರಬಹುದಾ?

ಬೇಗ ಒಣಗುವ ಬಟ್ಟೆ, ತುಂಬು ತೋಳಿನದ್ದಾದರೆ ಒಳ್ಳೆಯದು. ಜೀನ್ಸ್, ಸೀರೆ, ಉದ್ದ ದುಪಟ್ಟಾ ಬೇಡ. ಕಾಲಿಗೆ ಪಟ್ಟಿ ಇರುವ ಸ್ಯಾಂಡಲ್, ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ. ಟೋಪಿ, ಸನ್‌ಸ್ಕ್ರೀನ್, ಒಬ್ಬರಿಗೆ ಒಂದು ಬಾಟಲಿ ನೀರು. ಕನ್ನಡಕಕ್ಕೆ ದಾರ ಕಟ್ಟಿ. ಕಾರಿನ ಕೀ ದಡದಲ್ಲಿ ಕೊಟ್ಟು ಬನ್ನಿ. ಮೊಬೈಲ್ ತರುವುದಾದರೆ ಗಾಳಿ ತುಂಬಿ ತೇಲುವ ಪೌಚ್‌ನಲ್ಲಿ ಹಾಕಿ, ಜಾಕೆಟ್‌ಗೆ ಕಟ್ಟಿಕೊಳ್ಳಿ.

ಮಕ್ಕಳು, ವಯಸ್ಸಾದವರು?

ಮಕ್ಕಳು ಹೇಳಿದ ಮಾತು ಕೇಳಿ ಅರ್ಧ ಗಂಟೆ ಒಂದೇ ಕಡೆ ಕೂರುತ್ತಾರಾ ಅನ್ನುವುದು ವಯಸ್ಸಿಗಿಂತ ಮುಖ್ಯ. ಹಿರಿಯರಿಗೆ ಕಯಾಕ್‌ನಲ್ಲಿ ಕೂರುವುದು ಕಷ್ಟ ಅಲ್ಲ, ಅಷ್ಟು ಕೆಳಗಿನಿಂದ ಏಳುವುದು ಕಷ್ಟ. ಮೊಣಕಾಲು, ಸೊಂಟದ ನೋವು ಇದ್ದರೆ ಸಾದಾ ದೋಣಿಯಲ್ಲಿ ಅದೇ ಓಣಿ ಸುತ್ತಿಸುವವರನ್ನು ಕೇಳಿ. ಕುಡಿದು ಬಂದವರು ಯಾವ ವಯಸ್ಸಿನವರಾದರೂ ನೀರಿಗೆ ಬೇಡ.

ಬುಕ್ ಮಾಡುವಾಗ ಏನು ಕೇಳಬೇಕು?

ದರ ತಲೆಗಾ, ಕಯಾಕಿಗಾ? ಎಷ್ಟು ಹೊತ್ತು? ಎಷ್ಟು ಕಯಾಕಿಗೆ ಒಬ್ಬ ಗೈಡ್? ಆ ದಿನದ ಭರತ ಎಷ್ಟು ಹೊತ್ತಿಗೆ? ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟವರ ಜೊತೆ ಹೋಗಿ. "ಯಾವಾಗ ಬೇಕಾದ್ರೂ ಬನ್ನಿ ಸಾರ್" ಅಂದವರ ಜೊತೆ ಬೇಡ.

ಸ್ವಂತ ಕಯಾಕ್ ತಗೊಂಡ್ರೆ?

ಗಾಳಿ ತುಂಬುವ ಕಯಾಕ್ ಕಾರಿನ ಡಿಕ್ಕಿಗೆ ಹಿಡಿಸುತ್ತದೆ, ಆದರೆ ಚಿಪ್ಪಿ ಇರುವ ನೀರಿಗೆ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಪಾಲಿಎಥಿಲೀನ್‌ನ ಗಟ್ಟಿ ಕಯಾಕ್ ಒಳ್ಳೆಯದು. 10 ಅಡಿ ಆಸುಪಾಸಿನ ಸಿಂಗಲ್ ಒಂದಕ್ಕೆ 20ರಿಂದ 25 ಕೆ.ಜಿ. ತೂಕ ಇರುತ್ತದೆ, ಕಾರಿನ ಮೇಲೆ ಏರಿಸಲು ಇಬ್ಬರು ಬೇಕು. ಉಪ್ಪು ನೀರಿನಿಂದ ಬಂದ ಮೇಲೆ ಸಿಹಿ ನೀರಿನಲ್ಲಿ ತೊಳೆದು ನೆರಳಿನಲ್ಲಿಡಿ. ನೀರಿಗಿಳಿಸುವ ಜಾಗ ಯಾರದ್ದೆಂದು ಕೇಳಿಕೊಂಡೇ ಇಳಿಸಿ. ಒಬ್ಬರೇ ಹೋಗಬೇಡಿ.

ಹಾಗೇ ಕಡಲ ತನಕ ಹೋಗಿಬಿಡಬಹುದಾ?

ಬೇಡ. ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಎರಡು ನದಿಗಳ ನೀರು ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಅಲ್ಲಿಯ ಸೆಳೆತಕ್ಕೆ ಪ್ಯಾಡಲ್ ಸಾಟಿಯಲ್ಲ, ಹೊರಗಡೆ ಮರಳು ದಿಬ್ಬದ ಮೇಲೆ ಅಲೆ ಮುರಿಯುತ್ತಿರುತ್ತದೆ. ಹಂಗಾರಕಟ್ಟೆ ಕಡೆಯ ಯಾಂತ್ರಿಕ ದೋಣಿಗಳೂ ಓಡಾಡುತ್ತವೆ, ನೀರಿಗೆ ಅಂಟಿಕೊಂಡಂತಿರುವ ಕಯಾಕ್ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅಳಿವೆ ನೋಡಬೇಕಾದರೆ ಕೆಮ್ಮಣ್ಣು, ಹೂಡೆ ದಾರಿಯಲ್ಲಿ ಕೋಡಿ ಬೆಂಗ್ರೆಗೆ ಗಾಡಿಯಲ್ಲೇ ಹೋಗಿ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ಮಧ್ಯೆ ರಸ್ತೆ.

ಮೇಲಕ್ಕೆ, ಬಾರ್ಕೂರಿಂದ ಆಚೆ?

ಮೇಲೆ ಹೋದಂತೆ ಕಿಂಡಿ ಅಣೆಕಟ್ಟುಗಳು ಇರುತ್ತವೆ. ಉಪ್ಪು ನೀರು ಗದ್ದೆಗೆ ಬಾರದಂತೆ, ಬೇಸಿಗೆಗೆ ಸಿಹಿ ನೀರು ನಿಲ್ಲುವಂತೆ ಮಳೆಗಾಲ ಮುಗಿದ ಮೇಲೆ ಹಲಗೆ ಹಾಕುತ್ತಾರೆ. ಕಿಂಡಿಯಲ್ಲಿ ನೀರು ಹರಿಯುತ್ತಿದ್ದರೆ ಹತ್ತಿರ ಸುಳಿಯಬೇಡಿ. ಮೇಲಿನಿಂದ ನೋಡಿದರೆ ಒಂದು ಗೆರೆ ಮಾತ್ರ ಕಾಣುತ್ತದೆ, ಕೆಳಗೆ ನೀರು ಬಿದ್ದಲ್ಲೇ ಸುತ್ತುತ್ತಿರುತ್ತದೆ. ಅದರೊಳಗೆ ಸಿಕ್ಕಿದವರನ್ನು ಜಾಕೆಟ್ ಕೂಡ ಹೊರಗೆ ತರುವುದಿಲ್ಲ. ದೂರದಲ್ಲೇ ದಡಕ್ಕೆ ಹತ್ತಿ, ಕಯಾಕ್ ಹೊತ್ತುಕೊಂಡು ದಾಟಿ.

ಇಲ್ಲಿ ಕೈ ಕುದುರಿತು. ಮುಂದೆ ಎಲ್ಲಿಗೆ?

ಹತ್ತಿರದಲ್ಲೇ ಕುಂದಾಪುರದ ಪಂಚಗಂಗಾವಳಿ. ಸೌಪರ್ಣಿಕಾ, ವಾರಾಹಿ, ಚಕ್ರ, ಕುಬ್ಜಾ, ಕೇದಕ ಸೇರುವ ಜಾಗ, ತುಂಬ ಕುದ್ರುಗಳಿವೆ. ನೀರು ಅಗಲ, ಗಾಳಿ ಜಾಸ್ತಿ, ಹಾಗಾಗಿ ಊರು ಬಲ್ಲವರ ಜೊತೆ ಹೋಗಿ. ಹೊನ್ನಾವರದ ಶರಾವತಿಯಲ್ಲಿ ಕಾಂಡ್ಲಾ ಇನ್ನೂ ದಟ್ಟ, ನೀರಿಗಿಳಿಯದವರಿಗೆ ಮರದ ಕಾಲುದಾರಿಯೂ ಇದೆ. ಭರತದ ಲೆಕ್ಕವೇ ಬೇಡ ಅನ್ನುವವರಿಗೆ ಲಿಂಗನಮಕ್ಕಿ ಹಿನ್ನೀರಿನ ಹೊನ್ನೆಮರಡು ಸರಿ, ಅದು ಸಿಹಿ ನೀರು, ಆದರೆ ಬಯಲು ನೀರಾದ್ದರಿಂದ ಮಧ್ಯಾಹ್ನದ ಗಾಳಿಗೆ ಅಲೆ ಏಳುತ್ತದೆ. ಗಣೇಶಗುಡಿಯಲ್ಲಿ ಕಾಳಿ ನದಿಯ ಲೆಕ್ಕ ಪೂರ್ತಿ ಬೇರೆ. ಮೇಲೆ ಸೂಪಾ ಅಣೆಕಟ್ಟು ಇದೆ, ವಿದ್ಯುತ್ ಮಾಡಲು ನೀರು ಬಿಟ್ಟಾಗ ನದಿ ನೋಡನೋಡುತ್ತಾ ಏರುತ್ತದೆ. ಅಲ್ಲಿ ನೀರು ಬಿಡುವ ಹೊತ್ತು ಗೊತ್ತಿರುವ ಸ್ಥಳೀಯ ಗೈಡ್ ಇಲ್ಲದೆ ಇಳಿಯಬೇಡಿ.